ಇಂಗ್ಲಿಷಿನ ಅನ್, ಇನ್, ಡಿಸ್ ಮತ್ತು ನಾಲ್ಕು ವರ್ತಮಾನ ಕಾಲ: ಪಟ್ಟಿ ಉರು ಹೊಡೆಯದೆ ಕಲಿಯಬಹುದಾ?

ತಿಪಟೂರು ತೆಂಗು

ಎಲ್ಲರಿಗೂ ನಮಸ್ಕಾರ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಬಿ.ಕಾಂ. ಈಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಸಪ್ಲೈಯರ್‌ಗಳಿಗೆ, ಹೆಡ್ ಆಫೀಸಿಗೆ ದಿನಾ ಇಂಗ್ಲಿಷಿನಲ್ಲಿ ಮೇಲ್ ಹಾಕಬೇಕು. ಬಂದ ಮೇಲ್ ಓದಿದರೆ ಅರ್ಥವಾಗುತ್ತದೆ. ಬರೆಯಲು ಕೂತರೆ ಎರಡು ಕಡೆ ಕೈ ತಡೆಯುತ್ತದೆ.

ಒಂದು, ಪದದ ಮುಂದೆ ಬರುವ ಅನ್, ಇನ್, ಡಿಸ್, ಮಿಸ್, ನಾನ್. ಯಾವುದಕ್ಕೆ ಯಾವುದು ಅಂತ ಗೊತ್ತಾಗುವುದಿಲ್ಲ. ಇನ್ನೊಂದು, ವರ್ತಮಾನ ಕಾಲ. ನಮಗೆ ಶಾಲೆಯಲ್ಲಿ ವರ್ತಮಾನಕ್ಕೆ 'ಉತ್ತ', ಭೂತಕ್ಕೆ 'ದ', ಭವಿಷ್ಯತ್ತಿಗೆ 'ವ' ಅಂತ ಮೂರೇ ಹೇಳಿಕೊಟ್ಟಿದ್ದು. ಇಂಗ್ಲಿಷಿನಲ್ಲಿ ವರ್ತಮಾನ ಒಂದೇ ನಾಲ್ಕು ಥರ. ಕೋಚಿಂಗ್‌ನವರು ಎರಡಕ್ಕೂ ಉದ್ದುದ್ದ ಪಟ್ಟಿ ಕೊಟ್ಟಿದ್ದಾರೆ. ಬಸ್ಸಿನಲ್ಲಿ ಉರು ಹೊಡೆಯುತ್ತೇನೆ, ಆಫೀಸಿಗೆ ಬರುವಷ್ಟರಲ್ಲಿ ಮರೆತಿರುತ್ತದೆ. ಬೇರೆ ದಾರಿ ಇದ್ದರೆ ಹೇಳಿ.

ನಿವೃತ್ತ ಮೇಷ್ಟ್ರು

ಮೇಡಂ, ನಾನು ಕನ್ನಡ ಮೀಡಿಯಂ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಪಾಠ ಮಾಡಿದವನು. ಪಟ್ಟಿ ಪಕ್ಕಕ್ಕಿಡಿ. ನಿಮಗೆ ಕನ್ನಡ ಚೆನ್ನಾಗಿ ಬರುತ್ತದಲ್ಲ, ಅದೇ ದೊಡ್ಡ ಬಂಡವಾಳ. ಮೊದಲು ಕಾಲದ ವಿಷಯ ನೋಡೋಣ. ನಿಮ್ಮ ಸ್ಟೋರ್ಸ್‌ನಲ್ಲೇ ನಿಂತು ನಾಲ್ಕು ವಾಕ್ಯ ಹೇಳಿ.

ನಾನು ದಿನಾ ಸ್ಟಾಕ್ ಚೆಕ್ ಮಾಡುತ್ತೇನೆ. 'ಐ ಚೆಕ್ ದಿ ಸ್ಟಾಕ್ ಎವ್ರಿ ಡೇ.'

ಈಗ ಚೆಕ್ ಮಾಡುತ್ತಿದ್ದೇನೆ. 'ಐ ಆ್ಯಮ್ ಚೆಕಿಂಗ್ ದಿ ಸ್ಟಾಕ್.'

ಚೆಕ್ ಮಾಡಿದ್ದೇನೆ. 'ಐ ಹ್ಯಾವ್ ಚೆಕ್ಡ್ ದಿ ಸ್ಟಾಕ್.'

ಬೆಳಿಗ್ಗೆಯಿಂದ ಚೆಕ್ ಮಾಡುತ್ತಿದ್ದೇನೆ. 'ಐ ಹ್ಯಾವ್ ಬೀನ್ ಚೆಕಿಂಗ್ ದಿ ಸ್ಟಾಕ್ ಸಿನ್ಸ್ ಮಾರ್ನಿಂಗ್.'

ಮೂರನೆಯದನ್ನು ನೋಡಿ. ಮಕ್ಕಳು ತುಂಬಾ ಹೆದರುವ 'ಹ್ಯಾವ್ ಚೆಕ್ಡ್' ನಮ್ಮ 'ಮಾಡಿದ್ದೇನೆ'ಗೆ ಎಷ್ಟು ಹತ್ತಿರ ಇದೆ! 'ಮಾಡಿ' ಅನ್ನುವುದು ಮುಗಿದ ಕೆಲಸ, 'ಇದ್ದೇನೆ' ಅನ್ನುವುದು ಈಗಿನ ಸ್ಥಿತಿ. ಎರಡೂ ಸೇರಿ 'ಮಾಡಿದ್ದೇನೆ'. 'ಊಟ ಮಾಡಿದ್ದೇನೆ' ಅಂದರೆ ಈಗ ಹೊಟ್ಟೆ ತುಂಬಿದೆ, ಮತ್ತೆ ಬಡಿಸಬೇಡಿ ಅಂತ. ಇಂಗ್ಲಿಷಿನವರೂ ಅದೇ ಲೆಕ್ಕದಲ್ಲಿ ಅದನ್ನು ವರ್ತಮಾನದ ಪಟ್ಟಿಗೆ ಸೇರಿಸಿದ್ದು. ಕೆಲಸ ಹಿಂದಿನದು, ಅದರ ಫಲ ಇವತ್ತಿನದು.

ಆದರೆ ಕನ್ನಡ ಕೈಕೊಡುವ ಜಾಗಗಳೂ ಇವೆ. ನಾಲ್ಕನೆಯದು ಅಂಥದ್ದು. ಕನ್ನಡದಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಕ್ರಿಯಾಪದ ಒಂದೇ, 'ಮಾಡುತ್ತಿದ್ದೇನೆ'. ಅದಕ್ಕೇ ನಮ್ಮ ಕಡೆ 'ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್' ಅನ್ನುವುದು. ಇದರಲ್ಲಿ ತಪ್ಪು ಎರಡು. ಹಿಂದಿನಿಂದ ಈಗಿನವರೆಗೆ ಬಂದದ್ದಕ್ಕೆ 'ಹ್ಯಾವ್ ಬೀನ್' ಬೇಕು. ಇನ್ನು ನಮ್ಮ 'ಇಂದ' ಎರಡು ಕೆಲಸ ಮಾಡುತ್ತದೆ. 'ಸೋಮವಾರದಿಂದ' ಅಂದರೂ ಇಂದ, 'ಹತ್ತು ವರ್ಷದಿಂದ' ಅಂದರೂ ಇಂದ. ಇಂಗ್ಲಿಷಿನಲ್ಲಿ ಶುರುವಾದ ಗಳಿಗೆ ಹೇಳಿದರೆ 'ಸಿನ್ಸ್', ಎಷ್ಟು ಕಾಲ ಅಂತ ಅಳೆದು ಹೇಳಿದರೆ 'ಫಾರ್'. 'ಸಿನ್ಸ್ ಮಂಡೇ', 'ಫಾರ್ ಟೆನ್ ಇಯರ್ಸ್'.

ಇನ್ನೊಂದು ಗುಂಡಿ 'ಹ್ಯಾವ್'ನಲ್ಲೇ ಇದೆ. 'ನಿನ್ನೆನೇ ದುಡ್ಡು ಕಟ್ಟಿದ್ದೇನೆ' ಅಂದರೆ ಕನ್ನಡದಲ್ಲಿ ಏನೂ ತಪ್ಪಿಲ್ಲ. ಹಾಗೇ ತಿರುಗಿಸಿ 'ಐ ಹ್ಯಾವ್ ಪೇಯ್ಡ್ ಯೆಸ್ಟರ್ಡೇ' ಅಂತ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ನಿನ್ನೆ, ಸೋಮವಾರ, 2019ರಲ್ಲಿ ಅಂತ ಮುಗಿದ ದಿನ ಹೇಳಿದ ಕೂಡಲೇ 'ಹ್ಯಾವ್' ಬಿಡಬೇಕು. 'ಐ ಪೇಯ್ಡ್ ಯೆಸ್ಟರ್ಡೇ.' ದಿನ ಹೇಳದಿದ್ದರೆ 'ಐ ಹ್ಯಾವ್ ಪೇಯ್ಡ್.' ಇಷ್ಟೇ.

ಪ್ರತ್ಯಯದ ವಿಷಯ ರಾತ್ರಿ ಬರೆಯುತ್ತೇನೆ. ಅಷ್ಟರಲ್ಲಿ ಬೇರೆಯವರೂ ಹೇಳಲಿ.

ಕೀಬೋರ್ಡ್ ಕುಟ್ಟುವವ

ಮೇಷ್ಟ್ರೇ, ಗೌರವದಿಂದಲೇ ಒಂದು ತಕರಾರು. ಪ್ರತಿ ವಾಕ್ಯಕ್ಕೂ ಕನ್ನಡದ ಮೇಲೆ ಹಾದು ಹೋದರೆ ಯಾವತ್ತು ತಲುಪುವುದು? ನಾನೂ ಕನ್ನಡ ಮೀಡಿಯಮ್ಮೇ, ಈಗ ಸಾಫ್ಟ್‌ವೇರ್ ಕೆಲಸ. ನನಗೆ ಕಾಲಗಳು ಬಂದದ್ದು ಕಂಪ್ಯೂಟರ್ ಪರದೆ ನೋಡಿ. ಒಂದು ಫೈಲ್ ಇಳಿಸಿಕೊಳ್ಳುವಾಗ 'ಡೌನ್‌ಲೋಡಿಂಗ್' ಅಂತ ಬರುತ್ತದೆ. ಫೈಲ್ ಸಿಗದಿದ್ದರೆ 'ಫೈಲ್ ಡಸ್ ನಾಟ್ ಎಕ್ಸಿಸ್ಟ್' ಅನ್ನುತ್ತದೆ. ಆರ್ಡರ್ ಹೊರಟರೆ 'ಯುವರ್ ಆರ್ಡರ್ ಹ್ಯಾಸ್ ಬೀನ್ ಶಿಪ್ಡ್'. ದಿನಾ ನೂರು ಸಲ ಕಣ್ಣಿಗೆ ಬೀಳುತ್ತದೆ, ತಾನಾಗೇ ಕೂರುತ್ತದೆ.

'ಐ ಆ್ಯಮ್ ನೋಯಿಂಗ್', 'ಐ ಆ್ಯಮ್ ಹ್ಯಾವಿಂಗ್ ಟೂ ಚಿಲ್ಡ್ರನ್' ಇವೆಲ್ಲ ಮಾತೃಭಾಷೆಯಿಂದ ಅನುವಾದ ಮಾಡಿದ್ದರ ಫಲ ಅಲ್ವಾ?

ಧಾರವಾಡದ ಮಳೆ

ಅಲ್ಲರೀ. ಯಾವ ಕನ್ನಡಿಗ 'ನನಗೆ ಗೊತ್ತಿರುತ್ತಿದೆ' ಅಂದಾನು? ನಾವು 'ನನಗೆ ಗೊತ್ತು' ಅಂತೇವಿ. 'ನನಗೆ ಇಬ್ಬರು ಮಕ್ಕಳಿರುತ್ತಿದ್ದಾರೆ' ಅಂತ ಯಾರಾದರೂ ಅಂದರೆ ಮನೆಯವರು ಗಾಬರಿ ಬೀಳ್ತಾರೆ! ಗೊತ್ತು, ಬೇಕು, ಇಷ್ಟ, ಇದೆ, ನೆನಪಿದೆ. ಇವು ಒಂದೊಂದೂ ಸ್ಥಿತಿ, ಇವಕ್ಕೆ ಕನ್ನಡದೊಳಗೂ 'ಉತ್ತಿದೆ' ಹಚ್ಚೋದಿಲ್ಲ. ಇಂಗ್ಲಿಷಿನ ನೋ, ವಾಂಟ್, ಲೈಕ್, ಹ್ಯಾವ್, ರಿಮೆಂಬರ್ ಕೂಡ ಅದೇ ಜಾತಿಯವು, ಅವಕ್ಕೆ 'ಇಂಗ್' ಸಾಮಾನ್ಯವಾಗಿ ಹತ್ತೋದಿಲ್ಲ. ಅಂದರೆ ಕನ್ನಡ ಕೇಳಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಕನ್ನಡ ಕೇಳದ್ದಕ್ಕೇ ಆಗಿದ್ದು.

ಹಂಗಾರೆ ಎಲ್ಲಿಂದ ಬಂತು ಅಂದರೆ, ನನ್ನ ಅನುಮಾನ ನಮ್ಮ ಶಾಲೆಯ ಪಾಠದ ಮೇಲೆ. 'ಐ ಆ್ಯಮ್ ವಾಕಿಂಗ್ ಟು ದಿ ಡೋರ್, ಐ ಆ್ಯಮ್ ಓಪನಿಂಗ್ ದಿ ಡೋರ್' ಅಂತ ನಡೆದು ತೋರಿಸಿ ಕಲಿಸೋರು. ಮೊದಲು ಕಿವಿಗೆ ಬಿದ್ದಿದ್ದು 'ಇಂಗ್'. ಅದೇ ಶುದ್ಧ ಇಂಗ್ಲಿಷ್ ಅಂತ ಎಲ್ಲದಕ್ಕೂ ಹಚ್ಚಿಕೋತ ಹೊಂಟ್ವಿ.

ನಿವೃತ್ತ ಮೇಷ್ಟ್ರು

ಧಾರವಾಡದವರು ಸರಿಯಾದ ಜಾಗಕ್ಕೆ ಬೆರಳಿಟ್ಟರು. ನಾವು ಹಾಗೇ ಕಲಿಸಿದ್ದು. ಒಂದೊಂದೇ ವಾಕ್ಯದ ಅಚ್ಚು ತೆಗೆದುಕೊಂಡು, ಇಡೀ ಕ್ಲಾಸಿನಿಂದ ಹೇಳಿಸುವ ಪದ್ಧತಿ. ಕೀಬೋರ್ಡ್ ಅವರ ಮಾತಿಗೂ ನಮ್ಮ ರಾಜ್ಯದಲ್ಲೇ ಒಂದು ಹಳೆಯ ಕತೆ ಇದೆ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಹೊರಗಿನವರು ಅದನ್ನು 'ಬೆಂಗಳೂರು ಪ್ರಾಜೆಕ್ಟ್' ಅಂತಲೇ ಕರೆಯುತ್ತಾರೆ. ವ್ಯಾಕರಣ ಹೇಳಿಕೊಡುವುದಿಲ್ಲ, ಅಚ್ಚು ಉರು ಹೊಡೆಸುವುದಿಲ್ಲ. ರೈಲ್ವೆ ಟೈಮ್‌ಟೇಬಲ್ಲೋ, ಮ್ಯಾಪೋ ಮುಂದಿಟ್ಟು ಪ್ರಶ್ನೆ ಬಿಡಿಸಲು ಹೇಳುವುದು. ಮಕ್ಕಳ ಗಮನ ಅರ್ಥದ ಮೇಲಿದ್ದರೆ ವ್ಯಾಕರಣ ಒಳಗೊಳಗೇ ಬೆಳೆಯುತ್ತದೆ ಅನ್ನುವುದು ಅವರ ನಂಬಿಕೆ. ಪ್ರಪಂಚದಲ್ಲಿ ಭಾಷೆ ಕಲಿಸುವವರೆಲ್ಲ ಈಗಲೂ ಅದರ ಬಗ್ಗೆ ಮಾತಾಡುತ್ತಾರೆ. ನಮ್ಮ ಶಾಲೆಗಳು ಮಾತ್ರ ಹಳೆಯ ದಾರಿಗೇ ಮರಳಿದವು, ಅದು ಬೇರೆ ಮಾತು.

ಆದರೆ ಶಾಲೆಯ ಮಕ್ಕಳಿಗೆ ವರ್ಷಗಟ್ಟಲೆ ಸಮಯ ಇರುತ್ತದೆ. ತೆಂಗು ಮೇಡಂಗೆ ನಾಳೆ ಬೆಳಿಗ್ಗೆ ಮೇಲ್ ಹೋಗಬೇಕು. ದೊಡ್ಡವರಿಗೆ 'ಇದು ಹೀಗೆ, ಯಾಕಂದರೆ' ಅಂತ ಒಂದು ಸಲ ಹೇಳಿದರೆ ಬೇಗ ಹಿಡಿಸುತ್ತದೆ.

ಕೀಬೋರ್ಡ್ ಕುಟ್ಟುವವ

ಗೊತ್ತು-ನೋಯಿಂಗ್ ವಿಷಯ ಒಪ್ಪಿದೆ. ಆದರೆ 'ಐ ಆ್ಯಮ್ ಲವಿಂಗ್ ಇಟ್' ಅಂತ 2003ರಿಂದ ಮೆಕ್‌ಡೊನಾಲ್ಡ್ಸ್ ಜಾಹೀರಾತೇ ಇದೆಯಲ್ಲ, ಅದಕ್ಕೇನಂತೀರಿ?

ಧಾರವಾಡದ ಮಳೆ

ಬರ್ಗರ್ ಬಾಯಾಗ ಇರೋ ತನಕ ಲವಿಂಗ್, ತಿಂದಾದ ಮೇಲೆ ಬರೇ ಲವ್. ತಮಾಷೆ ಅಲ್ಲ, ನಿಜವಾಗಿಯೂ ಅದೇ ಲೆಕ್ಕ. ಈ ಗಳಿಗೆಯ ಅನುಭವ ಅಂತ ಒತ್ತಿ ಹೇಳಲು ಬೇಕಂತಲೇ ಹಂಗ ಬರೆದಿದ್ದು. ಹಾಗೆಯೇ ಕೆಲವು ಪದಗಳಿಗೆ ಎರಡು ಮುಖ. 'ಐ ಹ್ಯಾವ್ ಅ ಕಾರ್' ಅಂದರೆ ಇದೆ, 'ಐ ಆ್ಯಮ್ ಹ್ಯಾವಿಂಗ್ ಲಂಚ್' ಅಂದರೆ ಉಣ್ಣುತ್ತಿದ್ದೇನೆ. 'ಐ ಥಿಂಕ್' ಅಂದರೆ ನನಗನ್ನಿಸುತ್ತೆ, 'ಐ ಆ್ಯಮ್ ಥಿಂಕಿಂಗ್' ಅಂದರೆ ತಡೀರಿ, ಇನ್ನೂ ಯೋಚನೆ ನಡೆದಿದೆ. ಸ್ಥಿತಿಯೋ ಕೆಲಸವೋ ಅಂತ ಕೇಳಿಕೊಂಡರೆ ಸಾಕು.

ಒಂಬತ್ತನೇ ಕ್ಲಾಸಿನ ಅಮ್ಮ

ನಡುವೆ ಬಂದೆ, ಕ್ಷಮಿಸಿ. ಕ್ರಿಕೆಟ್ ಕಾಮೆಂಟರಿಯಲ್ಲಿ ಆಟ ಕಣ್ಣೆದುರಿಗೇ ನಡೆಯುತ್ತಿರುತ್ತದೆ. ಆದರೂ 'ಹಿ ಹಿಟ್ಸ್, ಹಿ ರನ್ಸ್' ಅಂತಾರೆ, 'ಹಿ ಈಸ್ ಹಿಟಿಂಗ್' ಅನ್ನುವುದಿಲ್ಲ. ಮಗ ಕೇಳಿದ, ನನಗೆ ಹೇಳಲು ಆಗಲಿಲ್ಲ.

ನಿವೃತ್ತ ಮೇಷ್ಟ್ರು

ಮಗ ಜಾಣ. ಹೊಡೆತ ಒಂದು ಕ್ಷಣದ್ದು. 'ಈಸ್ ಹಿಟಿಂಗ್' ಅನ್ನಬೇಕಾದರೆ ಅದು ಇನ್ನೂ ನಡೆಯುತ್ತಿರಬೇಕು. ಹೇಳುವಷ್ಟರಲ್ಲಿ ಚೆಂಡು ಬೌಂಡರಿ ಮುಟ್ಟಿರುತ್ತದೆ. ಹಾಗಾಗಿ ಒಂದರ ಹಿಂದೆ ಒಂದು ಮುಗಿಯುವ ಕೆಲಸಗಳಿಗೆ ಬರಿಯ ರೂಪ ಸಾಕು. ಆದರೆ ಬೌಲರ್ ದೂರದಿಂದ ಓಡಿ ಬರುತ್ತಿದ್ದರೆ, ಮಳೆ ಬರುತ್ತಿದ್ದರೆ, ಅಲ್ಲಿ 'ಇಂಗ್' ಬಂದೇ ಬರುತ್ತದೆ. ಕಿವಿಗೊಟ್ಟು ಕೇಳಲು ಹೇಳಿ. ಪೇಪರಿನ ಹೆಡ್‌ಲೈನೂ ಹೀಗೇ. ನಿನ್ನೆ ಆದದ್ದನ್ನೂ 'ಸಿಎಂ ಓಪನ್ಸ್ ಬ್ರಿಡ್ಜ್' ಅಂತ ಹಾಕುತ್ತಾರೆ. ಅದು ಹೆಡ್‌ಲೈನಿನ ಪದ್ಧತಿ, ಮೇಲ್‌ಗೆ ತರಬೇಡಿ.

ಧಾರವಾಡದ ಮಳೆ

ಮೇಷ್ಟ್ರು ರಾತ್ರಿ ಬರೀತೇನಿ ಅಂದಿದ್ದರು, ತಡ ಆದಂಗಿದೆ. ಪ್ರತ್ಯಯದ್ದು ನಾನೇ ಶುರು ಮಾಡ್ತೇನೆ.

ಕನ್ನಡ ಬಾಲದ ಕಡೆ ಕಟ್ಟುವ ಭಾಷೆ. ಮನೆ, ಮನೆಗಳು, ಮನೆಗಳಲ್ಲಿ, ಮನೆಗಳಲ್ಲಿಯೂ. ಎಲ್ಲಾ ಹಿಂದೆಯೇ. ಹಾಗಾಗಿ ಇಂಗ್ಲಿಷಿನ ಹಿಂದಿನ ಪ್ರತ್ಯಯಗಳು ನಮಗೆ ಹೊಸವಲ್ಲ. ಹಾಡುಗಾರ, ಸಿಂಗರ್. ಒಳ್ಳೆಯತನ, ಗುಡ್‌ನೆಸ್. ಬಾಲ್ಯದ ಗೆಳೆಯನ ಗೆಳೆತನ, ಫ್ರೆಂಡ್‌ಶಿಪ್. ನಮ್ಮ 'ತನ' ಒಂದೇ ಮಾಡುವ ಕೆಲಸಕ್ಕೆ ಅವರಲ್ಲಿ ನೆಸ್, ಶಿಪ್, ಹುಡ್ ಅಂತ ಮೂರು ನಾಲ್ಕು ಆಳು. ಅಷ್ಟೇ ವ್ಯತ್ಯಾಸ.

ಮುಂದೆ ಹಚ್ಚೋದು ಮಾತ್ರ ನಮ್ಮ ಅಚ್ಚಗನ್ನಡದ ಅಭ್ಯಾಸ ಅಲ್ಲ. 'ಇಲ್ಲ' ಅನ್ನೋದನ್ನು ನಾವು ಕೊನೆಗೇ ಹೇಳೋರು. ಬರಲಿಲ್ಲ, ತಿಳಿಯದ, ನಂಬಲಾಗದ. ಇಂಗ್ಲಿಷಿನವರು ಬಾಗಿಲಲ್ಲೇ ಇಲ್ಲ ಅಂದುಬಿಡ್ತಾರೆ, 'ಅನ್‌ಬಿಲೀವಬಲ್'. ಆದರೂ ಸಂಸ್ಕೃತದಿಂದ ನಮಗೆ ಇದು ರೂಢಿ ಆಗಿದೆ. ಅಲ್ಲಿಯ ವ್ಯಾಕರಣದವರು 22 ಉಪಸರ್ಗ ಎಣಿಸುತ್ತಾರೆ. ಪ್ರ, ಅಪ, ದುರ್, ನಿರ್, ಸು, ಹೀಗೆ. ಅಪಮಾನ, ದುರ್ಬಳಕೆ, ನಿರ್ಗತಿಕ ನಾವು ದಿನಾ ಅನ್ನೋ ಪದಗಳೇ. ಫಾರಸಿ, ಅರಬ್ಬಿ ಕಡೆಯಿಂದ ಬಂದವೂ ಉಂಟು. ಬೇಜವಾಬ್ದಾರಿ, ನಾಲಾಯಕ್, ಗೈರುಹಾಜರಿ. ಹಾಜರಿ ಪುಸ್ತಕದಲ್ಲಿ 'ಗೈರು' ಅಂತ ಬರೆಯುವವರಿಗೆ 'ನಾನ್' ಹೊಸದೇನಲ್ಲ.

ಈಗ ತೆಂಗು ಅವರ ಪ್ರಶ್ನೆ. 'ಇನ್' ಯಾಕೆ ಒಮ್ಮೊಮ್ಮೆ ಇಮ್, ಇಲ್, ಇರ್ ಆಗುತ್ತೆ? ಇದು ಬರೇ ಬಾಯಿಯ ಅನುಕೂಲ. ನಾವು ಸಂಧಿ ಅಂತೇವಲ್ಲ, ಅಂಥದ್ದೇ. ಮುಂದೆ 'ಪ', 'ಬ', 'ಮ' ಬಂದರೆ ತುಟಿ ಮುಚ್ಚಬೇಕು, ಅದಕ್ಕೆ 'ಇಮ್'. ಇಂಪಾಸಿಬಲ್, ಇಂಬ್ಯಾಲೆನ್ಸ್, ಇಮ್ಮೆಚೂರ್. 'ಲ' ಬಂದರೆ ಇಲ್ಲೀಗಲ್, 'ರ' ಬಂದರೆ ಇರ್‌ರೆಗ್ಯುಲರ್. ನಮ್ಮಲ್ಲೂ ಅಶುದ್ಧ ಅಂತೇವಿ, ಆದರೆ ಸ್ವರ ಬಂದರೆ ಅನುಚಿತ, ಅನಗತ್ಯ. ಅಲ್ಲಿ 'ಅ' ಹೋಗಿ 'ಅನ್' ಆಯಿತು, ನೋಡಿ. 'ಅನ್' ಅನ್ನುವ ಇಂಗ್ಲಿಷ್ ಪ್ರತ್ಯಯ ಮಾತ್ರ ಹಠಮಾರಿ. ಎದುರಿಗೆ ಯಾರೇ ಬರಲಿ, ಬರವಣಿಗೆಯಲ್ಲಿ ಬದಲಾಗೋದಿಲ್ಲ. ಅನ್‌ಪೇಯ್ಡ್, ಅನ್‌ಲಕ್ಕಿ.

ಲೀಡ್ಸ್ ನರ್ಸ್

ಧಾರವಾಡದವರು ಹೇಳಿದ 'ಅ, ಅನ್' ನಮ್ಮ ವಾರ್ಡಿನಲ್ಲೂ ಇದೆ. 'ಅನೀಮಿಯಾ' ಅಂದರೆ 'ಅನ್' ಮತ್ತು ರಕ್ತ. ಅದು ಗ್ರೀಕ್ 'ಅನ್', ಸಂಸ್ಕೃತದ 'ಅನ್'ಗೆ ದಾಯಾದಿ. ನಾನು ಚಿತ್ರದುರ್ಗದ ಕಡೆಯವಳು, ಇಂಗ್ಲೆಂಡಿನಲ್ಲಿ ನರ್ಸ್. ಇಲ್ಲಿ ಕೆಲಸಕ್ಕೆ ಸೇರುವ ಮೊದಲು ಐಇಎಲ್‌ಟಿಎಸ್ ಅಥವಾ ಒಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆ ಪಾಸು ಮಾಡಬೇಕು. ಎಲ್ಲರೂ ಹೆದರುವುದು ಆ ಪರೀಕ್ಷೆಗೆ. ನನಗೆ ನಿಜವಾದ ಹೆದರಿಕೆ ಎರಡು ಪುಟ್ಟ ಪ್ರತ್ಯಯಗಳದ್ದು. ಹೈಪೊ, ಹೈಪರ್. ಹೈಪೊಗ್ಲೈಸೀಮಿಯಾ ಅಂದರೆ ರಕ್ತದಲ್ಲಿ ಸಕ್ಕರೆ ತೀರಾ ಕಡಿಮೆ, ಕೂಡಲೇ ಸಿಹಿ ಕೊಡಬೇಕು. ಹೈಪರ್ ಅಂದರೆ ತೀರಾ ಜಾಸ್ತಿ, ಸಿಹಿ ಕೊಟ್ಟರೆ ಕೆಡುತ್ತದೆ. ಫೋನಿನಲ್ಲಿ ರಿಪೋರ್ಟ್ ಹೇಳುವಾಗ ಇವೆರಡೂ ಕಿವಿಗೆ ಒಂದೇ ಥರ ಕೇಳಿಸುತ್ತವೆ. ಅದಕ್ಕೇ ನಾನು ಪ್ರತ್ಯಯ ನಂಬುವುದಿಲ್ಲ. 'ಸಕ್ಕರೆ ಎಷ್ಟಿದೆ, ಅಂಕಿ ಹೇಳಿ' ಅಂತ ಕೇಳುತ್ತೇನೆ.

ಹಿಂದಿನ ಪ್ರತ್ಯಯ ಮಾತ್ರ ವರ. 'ಐಟಿಸ್' ಅಂದರೆ ಉರಿಯೂತ, 'ಎಕ್ಟಮಿ' ಅಂದರೆ ಕತ್ತರಿಸಿ ತೆಗೆಯುವುದು. ಟಾನ್ಸಿಲೈಟಿಸ್ ಆಗಿ ಟಾನ್ಸಿಲೆಕ್ಟಮಿ ಆಯಿತು. ಅಪೆಂಡಿಸೈಟಿಸ್ ಆಗಿ ಅಪೆಂಡಿಸೆಕ್ಟಮಿ. ಎರಡು ತಿಳಿದರೆ ನೂರು ಪದ ಬಿಡಿಸಬಹುದು. ಕೀಬೋರ್ಡ್ ಅವರೇ, ವಾರ್ಡಿನಲ್ಲಿ ಓಡಾಡುವಾಗ ಕನ್ನಡಕ್ಕೆ ತಿರುಗಿಸಲು ಸಮಯ ಇರುವುದಿಲ್ಲ, ನಿಜ. ಆದರೆ ರೂಮಿಗೆ ಬಂದು ಪುಸ್ತಕ ಹಿಡಿದಾಗ ನಾನು ಕನ್ನಡದಲ್ಲೇ ಅರ್ಥ ಬರೆದುಕೊಳ್ಳುತ್ತಿದ್ದೆ.

ತಿಪಟೂರು ತೆಂಗು

ಅಬ್ಬಾ, ಇಷ್ಟೊಂದು! ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ನಮ್ಮ ಗೇಟ್ ಪಾಸ್‌ನಲ್ಲೇ ಪಾಠ ಇದೆ ಅಂತಾಯಿತು. ಒಂದು 'ರಿಟರ್ನಬಲ್', ಇನ್ನೊಂದು 'ನಾನ್-ರಿಟರ್ನಬಲ್'. ಇಷ್ಟು ದಿನ ಆರ್‌ಜಿಪಿ, ಎನ್‌ಆರ್‌ಜಿಪಿ ಅಂತ ಹೆಸರಿಟ್ಟು ಕರೆದಿದ್ದೇ ಹೊರತು ಬಿಡಿಸಿ ನೋಡಿರಲಿಲ್ಲ. ರಿಪೇರಿಗೆ ಹೋದ ಮೋಟಾರ್ ವಾಪಸ್ ಬರಬೇಕು, ಅದು ರಿಟರ್ನಬಲ್. ಸ್ಕ್ರಾಪ್ ಹೋದರೆ ಹೋಯಿತು, ಅದು ನಾನ್.

ನಿವೃತ್ತ ಮೇಷ್ಟ್ರು

ಹಾಗೇ ಬಿಡಿಸಬೇಕು. 'ಏಬಲ್' ಅಂದರೆ ನಮ್ಮ 'ಬಹುದಾದ', 'ನಾನ್' ಅಂದರೆ 'ಅಲ್ಲದ'. ನಿಮ್ಮ ಗೋದಾಮಿನಿಂದಲೇ ಒಂದು ಪದ ಎತ್ತಿಕೊಳ್ಳಿ, 'ಯೂಸ್ಡ್'. ಅದರ ಮುಂದೆ ಒಂದೊಂದನ್ನೇ ಇಟ್ಟು ನೋಡಿ. ಅನ್‌ಯೂಸ್ಡ್, ಸೀಲ್ ಒಡೆಯದ ಡಬ್ಬ. ರೀಯೂಸ್ಡ್, ಮತ್ತೆ ಬಳಸಿದ ಕಟ್ಟಿಗೆಯ ಪ್ಯಾಲೆಟ್. ಮಿಸ್‌ಯೂಸ್ಡ್, ಸ್ಪ್ಯಾನರನ್ನೇ ಸುತ್ತಿಗೆ ಮಾಡಿಕೊಂಡು ಕುಟ್ಟಿದ್ದು. ಡಿಸ್‌ಯೂಸ್ಡ್, ಹಿಂದೆ ಬಳಸುತ್ತಿದ್ದು ಈಗ ಕೈಬಿಟ್ಟ ಮೂಲೆಯ ಶೆಡ್. ಓವರ್‌ಯೂಸ್ಡ್, ಸವೆದು ಹೋದ ಡ್ರಿಲ್ ಬಿಟ್. ಮಿಸ್ ಅಂದರೆ ತಪ್ಪಾಗಿ, ಅನ್ ಅಂದರೆ ಇಲ್ಲವೇ ಇಲ್ಲ, ಡಿಸ್ ಅಂದರೆ ಇದ್ದದ್ದು ಹೋಯಿತು. ಡಿಸ್‌ಕನೆಕ್ಟ್, ಡಿಸ್‌ಮ್ಯಾಂಟಲ್ ನೆನಪಿಸಿಕೊಳ್ಳಿ.

ಒಂದು ಎಚ್ಚರ. 'ಅನ್' ಕ್ರಿಯಾಪದದ ಮುಂದೆ ಬಂದರೆ 'ಇಲ್ಲ' ಅಂತ ಅರ್ಥವಲ್ಲ. ಅನ್‌ಲೋಡ್ ಅಂದರೆ ಲೋಡ್ ಮಾಡದಿರುವುದಲ್ಲ, ಮಾಡಿದ್ದನ್ನು ಇಳಿಸುವುದು. ಅನ್‌ಪ್ಯಾಕ್, ಅನ್‌ಲಾಕ್ ಕೂಡ ಹಾಗೇ, ಮಾಡಿದ್ದನ್ನು ತಿರುಗಿಸುವುದು.

ಇನ್ನೊಂದು ಎಚ್ಚರ ಹೈವೇಯಲ್ಲಿ ಸಿಗುತ್ತದೆ. ಪೆಟ್ರೋಲ್ ಟ್ಯಾಂಕರ್ ಹಿಂದೆ 'ಹೈಲಿ ಇನ್‌ಫ್ಲೇಮಬಲ್' ಅಂತ ಬರೆದಿರುತ್ತದೆ. 'ಇನ್' ಇದೆ, ಹಾಗಾಗಿ ಬೆಂಕಿ ಹತ್ತುವುದಿಲ್ಲ ಅಂದುಕೊಂಡರೆ ಕತೆ ಮುಗಿಯಿತು. ಅಲ್ಲಿನ 'ಇನ್' ನಿಷೇಧದ್ದಲ್ಲ, 'ಇನ್‌ಫ್ಲೇಮ್' ಅಂದರೆ ಹೊತ್ತಿಸು. ಈ ಗೊಂದಲ ಬೇಡ ಅಂತಲೇ ಎಷ್ಟೋ ಕಡೆ ಈಗ ಬರೀ 'ಫ್ಲೇಮಬಲ್' ಅಂತ ಬರೆಯುತ್ತಾರೆ. 'ಇನ್‌ವ್ಯಾಲ್ಯುಯಬಲ್' ಕೂಡ ಹಾಗೇ ಮೋಸ ಮಾಡುತ್ತದೆ. ಬೆಲೆ ಇಲ್ಲದ್ದು ಅಂತಲ್ಲ, ಬೆಲೆ ಕಟ್ಟಲಾಗದ್ದು.

ಕುಡ್ಲ ಟ್ರೇನರ್

ಮಂಗಳೂರಿನಲ್ಲಿ ಕಾಲ್‌ಸೆಂಟರಿಗೆ ಸೇರುವವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ನೀವೆಲ್ಲ ಬರೆಯುವುದರ ಬಗ್ಗೆ ಮಾತಾಡುತ್ತಿದ್ದೀರಿ. ಹಿಂದಿನ ಪ್ರತ್ಯಯ ಉಚ್ಚಾರಣೆಯನ್ನೇ ಅಲ್ಲಾಡಿಸುತ್ತದೆ, ಅದನ್ನು ಯಾರೂ ಶಾಲೆಯಲ್ಲಿ ಹೇಳುವುದಿಲ್ಲ.

'ಫೋಟೊಗ್ರಾಫ್' ಅನ್ನುವಾಗ ಒತ್ತು ಮೊದಲ 'ಫೋ' ಮೇಲೆ. 'ಫೊಟಾಗ್ರಫರ್' ಅನ್ನುವಾಗ ಒತ್ತು ಎರಡನೆಯ 'ಟಾ'ಗೆ ಜಾರುತ್ತದೆ. 'ಫೋಟೊಗ್ರಾಫಿಕ್' ಅನ್ನುವಾಗ ಮೂರನೆಯ 'ಗ್ರಾ'ಗೆ. ಕನ್ನಡದಲ್ಲಿ ಪದದೊಳಗೆ ಹೀಗೆ ಒತ್ತು ಓಡಾಡಿ ಅರ್ಥ ಕೆಡುವುದಿಲ್ಲ, ನಾವು ಎಲ್ಲವನ್ನೂ ಸಮನಾಗಿ ಹೇಳುತ್ತೇವೆ. ಹೊರದೇಶದ ಗಿರಾಕಿಗೆ ಹಾಗೆ ಹೇಳಿದರೆ ಪದವೇ ಸಿಗುವುದಿಲ್ಲ. ಒಂದು ಸುಲಭ ಗುರುತು ಇದೆ. 'ಇಕ್', 'ಶನ್' ಬಂದರೆ ಸಾಮಾನ್ಯವಾಗಿ ಅದರ ಹಿಂದಿನ ಅಕ್ಷರಕ್ಕೆ ಒತ್ತು. ಎಕನಾಮಿಕ್, ಎಜುಕೇಶನ್. 'ನೆಸ್', 'ಫುಲ್', 'ಲೆಸ್' ಪಾಪದವು, ಒತ್ತನ್ನು ಮುಟ್ಟುವುದಿಲ್ಲ.

ಹಿ, ಶಿ ಜೊತೆ ಬರುವ 'ಸ್' ಬಗ್ಗೆಯೂ ಹೇಳಬೇಕು. ಅದಕ್ಕೆ ಮೂರು ದನಿ. 'ವರ್ಕ್ಸ್'ನಲ್ಲಿ ಸ. 'ಪ್ಲೇಸ್', 'ರನ್ಸ್'ನಲ್ಲಿ ಜೇನ್ನೊಣದ ಗುಂಯ್ ಇರುವ ಜ಼. 'ವಾಚಸ್'ನಲ್ಲಿ ಒಂದು ಅಕ್ಷರವೇ ಜಾಸ್ತಿ. ನಮ್ಮ ಹುಡುಗರು 'ಸ್' ಬಿಡುವುದೇ ಜಾಸ್ತಿ.

ಧಾರವಾಡದ ಮಳೆ

ಬಿಡಲು ಕಾರಣವೂ ನಮ್ಮಲ್ಲೇ ಇದೆ. ಕನ್ನಡ ಕ್ರಿಯಾಪದದ ಬಾಲ ಎಲ್ಲ ಹೇಳುತ್ತೆ. ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ, ಹೋಗುತ್ತೇವೆ. 'ಅವನು' ಅಂತ ಹೇಳದಿದ್ದರೂ ನಡೀತದೆ. ಇಂಗ್ಲಿಷಿನಲ್ಲಿ ಹಿ, ಶಿ ಹೇಳಲೇಬೇಕು, ಆಮೇಲೆ ಬಾಲದ 'ಸ್' ಹೊಸದೇನೂ ತಿಳಿಸೋದಿಲ್ಲ. ಕಿವಿ ಅದನ್ನು ಕಸ ಅಂತ ಬಿಟ್ಟುಬಿಡುತ್ತೆ.

ಗೌರವದ ತೊಡಕು ಬೇರೆ! ನಮ್ಮಲ್ಲಿ ಮ್ಯಾನೇಜರ್ 'ಹೇಳುತ್ತಾರೆ', ಅಪ್ಪ 'ಬರುತ್ತಾರೆ'. ಒಬ್ಬರಿಗೇ ಬಹುವಚನ. ಇಂಗ್ಲಿಷಿನಲ್ಲಿ ಎಷ್ಟೇ ದೊಡ್ಡ ಸಾಹೇಬನಾದರೂ ಒಬ್ಬನೇ. 'ಮೈ ಮ್ಯಾನೇಜರ್ ವಾಂಟ್ಸ್', 'ಮೈ ಫಾದರ್ ಕಮ್ಸ್'. ಗೌರವ ಕಡಿಮೆ ಆಯ್ತೇನೋ ಅಂತ ಸಂಕೋಚ ಬೇಡ.

ತಿಪಟೂರು ತೆಂಗು

ಒಂದು ಮೇಲ್ ಬರೆದಿದ್ದೇನೆ. ಇನ್ನೂ ಕಳಿಸಿಲ್ಲ. ನೋಡಿ ಹೇಳಿ.

'ಡಿಯರ್ ಸರ್, ವಿ ಹ್ಯಾವ್ ರಿಸೀವ್ಡ್ ದಿ ಮಟೀರಿಯಲ್ ಆನ್ ಮಂಡೇ. ಐ ಹ್ಯಾವ್ ಚೆಕ್ಡ್ ದಿ ಬಾಕ್ಸಸ್. ಟ್ವೆಲ್ವ್ ಸೆಟ್ಸ್ ಆರ್ ಅನ್‌ಕಂಪ್ಲೀಟ್. ಅವರ್ ಕ್ವಾಲಿಟಿ ಇಂಜಿನಿಯರ್ ವಾಂಟ್ ದಿ ಟೆಸ್ಟ್ ರಿಪೋರ್ಟ್. ಐ ಆ್ಯಮ್ ವೇಟಿಂಗ್ ಫಾರ್ ಯುವರ್ ರಿಪ್ಲೈ ಸಿನ್ಸ್ ಟೂ ಡೇಸ್. ಪ್ಲೀಸ್ ರಿವರ್ಟ್ ಬ್ಯಾಕ್.'

ನಿವೃತ್ತ ಮೇಷ್ಟ್ರು

ಚೆನ್ನಾಗಿದೆ, ಹೇಳಬೇಕಾದ್ದೆಲ್ಲ ಇದೆ. ತಿದ್ದುವುದು ಸ್ವಲ್ಪವೇ. ಸೋಮವಾರ ಅಂತ ದಿನ ಹೇಳಿದ್ದೀರಿ, ಹಾಗಾಗಿ 'ವಿ ರಿಸೀವ್ಡ್'. ಎರಡನೆಯ ವಾಕ್ಯ ಪೂರ್ತಿ ಸರಿ, ದಿನ ಇಲ್ಲ, 'ಹ್ಯಾವ್ ಚೆಕ್ಡ್' ಇರಲಿ. 'ಕಂಪ್ಲೀಟ್'ಗೆ 'ಇನ್' ಸೇರುತ್ತದೆ, ಇನ್‌ಕಂಪ್ಲೀಟ್. ಇಂಜಿನಿಯರ್ ಒಬ್ಬರೇ, 'ವಾಂಟ್ಸ್'. ಕಾಯುತ್ತಿರುವುದು ಹಿಂದಿನಿಂದ ಈಗಿನವರೆಗೆ, 'ಐ ಹ್ಯಾವ್ ಬೀನ್ ವೇಟಿಂಗ್ ಫಾರ್ ಯುವರ್ ರಿಪ್ಲೈ ಫಾರ್ ಟೂ ಡೇಸ್'. ಎರಡು 'ಫಾರ್' ಕಿರಿಕಿರಿ ಅನ್ನಿಸಿದರೆ 'ಸಿನ್ಸ್ ಮಂಡೇ' ಅಂತ ಹಾಕಿ. ಕೊನೆಯಲ್ಲಿ 'ರಿ' ಅಂದರೇ ಹಿಂದಕ್ಕೆ, ಮತ್ತೆ ಅಂತ. 'ಬ್ಯಾಕ್' ಬೇಡ. ರಿಟರ್ನ್ ಬ್ಯಾಕ್, ರಿಪೀಟ್ ಅಗೇನ್ ಎಲ್ಲ ಹೀಗೇ ಎರಡೆರಡು ಸಲ.

ಅನ್, ಇನ್ ಎರಡರಲ್ಲಿ ಯಾವುದು ಅಂತ ಪಕ್ಕಾ ನಿಯಮ ಕೇಳಬೇಡಿ, ಇಲ್ಲ. ಲ್ಯಾಟಿನ್ ಮೂಲದ ಪದಗಳಿಗೆ 'ಇನ್' ಜಾಸ್ತಿ, ಹಳೆಯ ಇಂಗ್ಲಿಷ್ ಪದಗಳಿಗೆ 'ಅನ್' ಜಾಸ್ತಿ. ಆದರೆ 'ಅನ್‌ಏಬಲ್' ಅಂತಾರೆ, ಅದೇ ಮನೆಯ 'ಇನ್‌ಎಬಿಲಿಟಿ' ಅಂತಾರೆ. ಅದನ್ನು ಕಂಡ ಕಂಡಲ್ಲೇ ನೆನಪಿಟ್ಟುಕೊಳ್ಳಬೇಕು.

ಕೀಬೋರ್ಡ್ ಕುಟ್ಟುವವ

ಇದನ್ನೇ ನಾನು ಮೊದಲಿಂದ ಹೇಳಿದ್ದು, ಕಂಡಲ್ಲೇ ನೆನಪು! 'ರಿವರ್ಟ್' ಬಗ್ಗೆ ಒಂದು ಮಾತು. ಉತ್ತರ ಕೊಡಿ ಅನ್ನುವ ಅರ್ಥದಲ್ಲಿ ಅದು ನಮ್ಮ ಆಫೀಸುಗಳ ಮಾತು. ನಮ್ಮ ಟೀಮಿನ ವಿದೇಶದವರಿಗೆ 'ರಿವರ್ಟ್' ಅಂದರೆ ಮಾಡಿದ ಬದಲಾವಣೆ ವಾಪಸ್ ತೆಗೆಯುವುದು. ಬರೆದದ್ದನ್ನೆಲ್ಲ ಅಳಿಸಿಬಿಟ್ಟಾರು. 'ರಿಪ್ಲೈ' ಅನ್ನಿ, ಎಲ್ಲರಿಗೂ ತಿಳಿಯುತ್ತದೆ. 'ಪ್ರಿಪೋನ್' ಮಾತ್ರ ಬಿಡಬೇಡಿ. ಅದು ನಮ್ಮ ಕಡೆ ಹೆಚ್ಚು ಬಳಸುವ ಪದ, ಆಕ್ಸ್‌ಫರ್ಡ್ ನಿಘಂಟಿಗೂ ಹೋಗಿ ಕೂತಿದೆ. ಪೋಸ್ಟ್‌ಪೋನ್ ಇರುವಾಗ ಪ್ರಿಪೋನ್ ಯಾಕಿರಬಾರದು?

ತಿಪಟೂರು ತೆಂಗು

ತಿದ್ದಿ ಕಳಿಸಿದೆ. ಆದರೆ ಮೇಷ್ಟ್ರೇ, ದಿನ ಹೇಳಿದರೆ 'ಹ್ಯಾವ್' ಬಿಡಬೇಕು ಅಂದಿರಿ. ಬ್ಯಾಂಕಿನ ಮೆಸೇಜ್‌ನಲ್ಲಿ 'ಹ್ಯಾಸ್ ಬೀನ್ ಡೆಬಿಟೆಡ್' ಅಂತ ಹಾಕಿ ಪಕ್ಕದಲ್ಲೇ ತಾರೀಖು ಕೊಡುತ್ತಾರಲ್ಲ?

ಬ್ಯಾಂಕ್ ಗುಮಾಸ್ತ

ಇದಕ್ಕೆ ನಾನೇ ಉತ್ತರ ಕೊಡಬೇಕೇನೋ. ನಿಯಮ ನೋಡಿದರೆ ಅದು 'ವಾಸ್ ಡೆಬಿಟೆಡ್' ಆಗಬೇಕು. ಆದರೆ ಎಷ್ಟೋ ಬ್ಯಾಂಕಿನ ಮೆಸೇಜ್ ಹಾಗೇ ಬರುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಗಿರಾಕಿ ನೋಡುವುದು ದುಡ್ಡು ಎಷ್ಟು ಹೋಯಿತು ಅಂತ.

ಬಂದದ್ದಕ್ಕೆ ನನ್ನ ಮೇಜಿನ ಮೇಲಿನ ಒಂದು ಪ್ರತ್ಯಯ ಹೇಳಿ ಹೋಗುತ್ತೇನೆ. ಮಾಡುವವರು 'ಅರ್', ಅದು ಯಾರಿಗೆ ತಲುಪುತ್ತದೋ ಅವರು 'ಈ'. ಎಂಪ್ಲಾಯರ್, ಎಂಪ್ಲಾಯೀ. ಬಾಡಿಗೆ ಕರಾರಿನಲ್ಲಿ ಮನೆ ಕೊಡುವವರು ಲೆಸರ್, ಪಡೆಯುವವರು ಲೆಸೀ. ಇಷ್ಟು ಸಲೀಸು. ಆದರೆ ಮನೆ ಅಡ ಇಟ್ಟು ಸಾಲ ತೆಗೆಯುವ ಹೊತ್ತಿಗೆ ಎಲ್ಲರೂ ಎಡವುತ್ತಾರೆ. ಬ್ಯಾಂಕು ಸಾಲ ಕೊಡುತ್ತದೆ, ಆದ್ದರಿಂದ ಬ್ಯಾಂಕೇ ಮಾರ್ಟ್‌ಗೇಜರ್ ಅಂದುಕೊಳ್ಳುತ್ತಾರೆ. ಅಲ್ಲ. ಅಡ ಕೊಡುವವರು ನೀವು, ನೀವು ಮಾರ್ಟ್‌ಗೇಜರ್. ಅಡ ತೆಗೆದುಕೊಳ್ಳುವ ಬ್ಯಾಂಕು ಮಾರ್ಟ್‌ಗೇಜೀ. ಸಹಿ ಹಾಕುವ ಮುಂಚೆ ಇದನ್ನು ನೋಡಿಕೊಳ್ಳಿ.

ತಿಪಟೂರು ತೆಂಗು

ಓಹೋ! ಹಾಗಾದರೆ ಲಾರಿಯವರು ತರುವ ಎಲ್‌ಆರ್ (ಲಾರಿ ರಸೀದಿ) ಕಾಪಿಯಲ್ಲಿ ಕನ್ಸೈನರ್, ಕನ್ಸೈನೀ ಅಂತ ಎರಡು ಕಾಲಂ ಇರುತ್ತದಲ್ಲ, ಅದೂ ಇದೇನಾ? ಅಟೆಂಡೀ ಅಂತಲೂ ಒಂದು ಪದ ನೋಡಿದೆ. ಮೀಟಿಂಗಿಗೆ ಬರುವವರೇ ಅಲ್ವಾ ಅವರು, 'ಈ' ಯಾಕೆ?

ಬ್ಯಾಂಕ್ ಗುಮಾಸ್ತ

ಹೌದು, ಅದೇ. ಮಾಲು ನಿಮ್ಮ ಕಾರ್ಖಾನೆಗೆ ಬಂದಾಗ ನೀವು ಕನ್ಸೈನೀ. ಆ ಹನ್ನೆರಡು ಸೆಟ್ ವಾಪಸ್ ಕಳಿಸುವಾಗ ನೀವೇ ಕನ್ಸೈನರ್. ಅಟೆಂಡೀ ಮಾತ್ರ ನಿಯಮ ತಪ್ಪಿಸಿಕೊಂಡ ಪದ. ಜೈಲಿನಿಂದ ಓಡಿ ಹೋದವನಿಗೂ 'ಎಸ್ಕೇಪೀ' ಅಂತಲೇ ಅನ್ನುತ್ತಾರೆ, ಓಡಿದ್ದು ಅವನೇ ಆದರೂ.